ಒಂದೇ ಊರು, ಬೇರೆ ಬೇರೆ ಮತದಾರರ ಪಟ್ಟಿ

ಪ್ರಶ್ನೆ: ಹಿಂದೂ-ಮುಸ್ಲಿಂ ಭೇದ ಮೊದಲಿಂದಲೂ ಇತ್ತಲ್ವಾ ಸರ್? ಸುಮ್ನೆ ಮಿಂಟೋ-ಮಾರ್ಲೆ ಸುಧಾರಣೆಯನ್ನು ದೂರುವುದು ಸರಿಯೇ? ನಮ್ಮ ಕಾಸರಗೋಡಿಗೂ ಅದು ತಟ್ಟಿತ್ತೇ?
- ಓದುಗರೊಬ್ಬರು, ಬದಿಯಡ್ಕ

ಉತ್ತರ: ನಾನು ಚರಿತ್ರೆ ಪಾಠ ಮಾಡುವಾಗ ಮಕ್ಕಳೂ ಇದನ್ನೇ ಕೇಳುತ್ತಿದ್ದರು. ಭೇದ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಸರಕಾರವೇ ಅದನ್ನು ಹಿಡಿದು ಮತದಾರರ ಪಟ್ಟಿ ಬರೆದದ್ದು ಹೊಸದು. 1906ರಲ್ಲಿ ಮುಸ್ಲಿಂ ಮುಖಂಡ ಆಗಾ ಖಾನರ ನಿಯೋಗ ತಮ್ಮವರಿಗೆ ಬೇರೆ ಪ್ರಾತಿನಿಧ್ಯ ಕೇಳಿ ಶಿಮ್ಲಾದಲ್ಲಿ ವೈಸರಾಯ್ ಮಿಂಟೋ ಅವರನ್ನು ಕಂಡಿತು. ಮಿಂಟೋ ಮತ್ತು ಲಂಡನ್ನಿನ ಭಾರತ ಸಚಿವ ಮಾರ್ಲೆ ತಂದ 1909ರ ಸುಧಾರಣೆಯಲ್ಲಿ ಪ್ರತ್ಯೇಕ ಕ್ಷೇತ್ರ ಬಂತು. ಮುಸ್ಲಿಂ ಸ್ಥಾನಕ್ಕೆ ಮುಸ್ಲಿಮರಷ್ಟೇ ಓಟು ಹಾಕಬೇಕು. ಕಡಿಮೆ ಜನ ಇರುವವರಿಗೆ ತಮ್ಮ ಮಾತು ಯಾರೂ ಕೇಳಲಾರರು ಎಂಬ ಹೆದರಿಕೆ ಇದ್ದದ್ದು ನಿಜ, ಅದನ್ನು ನಾನು ಹಗುರ ಮಾಡಲಾರೆ. ಆದರೆ ಸ್ಥಾನ ಕಾದಿರಿಸಿ, ಓಟು ಮಾತ್ರ ಎಲ್ಲರೂ ಸೇರಿ ಹಾಕಬಹುದಿತ್ತು. ಮಾರ್ಲೆ 1908ರಲ್ಲಿ ಅಂಥದ್ದೇ ಯೋಚನೆ ಮುಂದಿಟ್ಟು, ಆಮೇಲೆ ಕೈಬಿಟ್ಟರು.

ಮಂಜೇಶ್ವರದಲ್ಲಿ ಇವತ್ತು ಓಟು ಕೇಳಲು ಹೊರಟವರನ್ನು ನೋಡಿ. ಒಂದು ಮನೆಯಲ್ಲಿ ತುಳು, ಪಕ್ಕದಲ್ಲಿ ಬ್ಯಾರಿ, ಆಚೆ ಕೊಂಕಣಿ, ಮಲಯಾಳ, ಕನ್ನಡ. ಯಾವ ಅಂಗಳವನ್ನೂ ಬಿಡುವಂತಿಲ್ಲ. ಎಲ್ಲ ಕಡೆ ಚಪ್ಪಲಿ ಕಳಚಿ ಜಗಲಿ ಹತ್ತಲೇಬೇಕು, ನೀರಿನ ತಾಪತ್ರಯ ಕೇಳಲೇಬೇಕು. ಪ್ರತ್ಯೇಕ ಕ್ಷೇತ್ರದಲ್ಲಿ ಆ ಅಗತ್ಯವೇ ಇಲ್ಲ. ನೆರೆಮನೆಯವನ ಓಟೇ ಬೇಡವಾದ ಮೇಲೆ ಅವನ ಕಷ್ಟ ಯಾರಿಗೆ ಬೇಕು? ತನ್ನವರ ನಡುವೆ ಜಾಸ್ತಿ ಗಟ್ಟಿಯಾಗಿ ಕೂಗಿದವನಿಗೇ ಲಾಭ.

ಬ್ರಿಟಿಷರನ್ನು ಮಾತ್ರ ಬೈದರೂ ಸಾಲದು. ಮುಸ್ಲಿಂ ಲೀಗಿನ ಜೊತೆ ಮಾಡಿಕೊಂಡ 1916ರ ಲಕ್ನೋ ಒಪ್ಪಂದದಲ್ಲಿ ಕಾಂಗ್ರೆಸ್ಸೂ ಇದಕ್ಕೆ ಒಪ್ಪಿತು. ನನಗೆ ಸಿಟ್ಟು ಬರುವುದು ಮಾತ್ರ 1918ರಲ್ಲಿ ಬಂದ, ಭಾರತ ಸಚಿವ ಮಾಂಟೆಗು ಮತ್ತು ವೈಸರಾಯ್ ಚೆಲ್ಮ್ಸ್‌ಫರ್ಡ್ ಅವರ ವರದಿಯ ಮೇಲೆ. ಈ ಪದ್ಧತಿ ಜನರನ್ನು ಒಡೆಯುತ್ತದೆ ಎಂದು ಅವರೇ ಬರೆದರು. ಆದರೂ ಉಳಿಸಿಕೊಂಡರು. 1919ರ ಕಾಯ್ದೆಯಲ್ಲಿ ಸಿಖ್ಖರಿಗೂ ವಿಸ್ತರಿಸಿದರು. ಗೊತ್ತಿದ್ದೂ ಮಾಡಿದ ಕೆಲಸ ಇದು.

ಕಾಸರಗೋಡಿಗೂ ತಟ್ಟಿತು. ಆಗ ನಾವು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯವರು. 1937ರ ಚುನಾವಣೆಯಲ್ಲಿ ಮದರಾಸು ವಿಧಾನಸಭೆಯ 215 ಸ್ಥಾನಗಳಲ್ಲಿ 28 ಮುಸ್ಲಿಮರಿಗೆ, 8 ಕ್ರೈಸ್ತರಿಗೆ ಅಂತ ಬೇರೆಯಾಗಿದ್ದವು. ಮಂಜೇಶ್ವರದ ಉದ್ಯಾವರ ಮಾಡದ (ದೈವಸ್ಥಾನದ) ಜಾತ್ರೆಗೆ ಮೊದಲು ದೈವದ ಪಾತ್ರಿಗಳು ಮಸೀದಿಗೆ ಹೋಗಿ ಜಮಾಅತಿನವರನ್ನು ಕರೆದು ಬರುವ ಊರು ನಮ್ಮದು. ಅಂಥ ಊರಿನವರನ್ನೂ ಓಟಿನ ಪಟ್ಟಿ ಬೇರೆ ಬೇರೆ ಕೂರಿಸಿತ್ತು.

ಸಂವಿಧಾನದ 325ನೇ ವಿಧಿಯನ್ನು ಒಮ್ಮೆ ಓದಿ. ಒಂದು ಕ್ಷೇತ್ರಕ್ಕೆ ಒಂದೇ ಮತದಾರರ ಪಟ್ಟಿ, ಧರ್ಮದ ಕಾರಣಕ್ಕೆ ಯಾರ ಹೆಸರನ್ನೂ ಬಿಡುವಂತಿಲ್ಲ ಎನ್ನುತ್ತದೆ ಅದು. 1909ರಲ್ಲಿ ಬಂದ ಪದ್ಧತಿ ಕೊನೆಯಾದದ್ದು ಹಾಗೆ.