ಅತ್ತೆಯ ಮಜ್ಜಿಗೆ, ಯಜಮಾನರ ಅನುಮಾನ

ಸಿಂಧನೂರು ತಾಲ್ಲೂಕಿನ ಓದುಗರೊಬ್ಬರ ಪತ್ರ ಇದು. ಹೆಸರು ಹಾಕಬೇಡಿ ಎಂದಿದ್ದಾರೆ. ಸಾರ ಇಷ್ಟು: ಹತ್ತು ವರ್ಷದ ಮಗನಿಗೆ ಭೇದಿ ಹತ್ತಿತು. ಮೆಡಿಕಲ್ ಅಂಗಡಿಯಲ್ಲಿ ಮೂರು ಗುಳಿಗೆ ಕೊಟ್ಟರು. ನುಂಗಿದ ಮೇಲೆ ಭೇದಿ ಹೆಚ್ಚೇ ಆಯಿತು. ಅತ್ತೆ "ಮಜ್ಜಿಗಿ ಕುಡಸು, ಹೊಟ್ಟಿ ತಾನ ಸರಿ ಆಗ್ತದ" ಎಂದರು. ಯಜಮಾನರು "ಮಜ್ಜಿಗ್ಯಾಗ ಬರೇ ಬ್ಯಾಕ್ಟೀರಿಯಾನೇ ಇರ್ತಾವ, ಬ್ಯಾಡ" ಎಂದು ಅಡ್ಡ ಬಂದರು. "ಬ್ಯಾಕ್ಟೀರಿಯಾ ಒಳ್ಳೆಯದೋ ಕೆಟ್ಟದ್ದೋ, ಒಂದೇ ಮಾತಿನಲ್ಲಿ ಹೇಳಿ ನಮ್ಮ ಮನೆ ಜಗಳ ಬಿಡಿಸಿ" ಎಂದು ಕೇಳಿದ್ದಾರೆ. ಆ ಗುಳಿಗೆಯ ಖಾಲಿ ತುಂಡನ್ನೂ ಲಕೋಟೆಯಲ್ಲಿಟ್ಟು ಕಳಿಸಿದ್ದಾರೆ.

ಸಹೋದರಿ, ಒಂದೇ ಮಾತಿನಲ್ಲಿ ಮುಗಿಯುವಂತಿದ್ದರೆ ನಿಮ್ಮ ಮನೆಯಲ್ಲಿ ಜಗಳವೇ ಆಗುತ್ತಿರಲಿಲ್ಲ. ಮೊದಲು ನಿಮ್ಮ ಯಜಮಾನರ ಮಾತು ತೆಗೆದುಕೊಳ್ಳೋಣ. ಅವರು ಹೇಳಿದ್ದು ಸುಳ್ಳಲ್ಲ. ಉಗುರು ಬೆಚ್ಚಗಿನ ಹಾಲಿಗೆ ಅತ್ತೆಯವರು ರಾತ್ರಿ ಒಂದು ಚಮಚ ಹೆಪ್ಪು ಹಾಕಿ ಮುಚ್ಚಿಡುತ್ತಾರಲ್ಲ, ಅದು ಬ್ಯಾಕ್ಟೀರಿಯಾ ಬಿತ್ತನೆಯೇ. ಅವು ಹಾಲಿನೊಳಗಿನ ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ, ಆ ಹುಳಿಗೆ ಹಾಲು ಗಟ್ಟಿಯಾಗುತ್ತದೆ. 40 ಡಿಗ್ರಿ ಆಸುಪಾಸಿನ ಶಾಖ ಸಿಕ್ಕರೆ ಅವಕ್ಕೆ ಹಬ್ಬ. ನಮ್ಮ ಕಡೆಯ ಬೇಸಿಗೆಯಲ್ಲಿ ಬೆಳಗಾಗುವುದರೊಳಗೆ ಮೊಸರು ಹುಳಿ ಹೊಡೆಯುವುದೂ, ಚಳಿಗಾಲದಲ್ಲಿ ಗಡಿಗೆಗೆ ಬಟ್ಟೆ ಸುತ್ತಿ ಕಾಯಬೇಕಾಗುವುದೂ ಇದಕ್ಕೇ. ಆ ಹುಳಿಯಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಹಲವು ತಲೆ ಎತ್ತಲಾರವು.

ಯಜಮಾನರಿಗೆ ಇನ್ನೊಂದು ಲೆಕ್ಕವನ್ನೂ ಓದಿ ಹೇಳಿ. 2016ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದಂತೆ ಒಬ್ಬ ವಯಸ್ಕನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ, ಅವನದೇ ಜೀವಕೋಶಗಳು 30 ಲಕ್ಷ ಕೋಟಿ. ಎಲ್ಲ ಬ್ಯಾಕ್ಟೀರಿಯಾ ಸೇರಿಸಿ ತೂಗಿದರೆ 200 ಗ್ರಾಂ ಬಂದೀತು. (ಜೀವಕೋಶಕ್ಕಿಂತ ಬ್ಯಾಕ್ಟೀರಿಯಾ ಹತ್ತು ಪಟ್ಟು ಎಂಬ ಹಳೆಯ ಮಾತು ನಮ್ಮ ಪತ್ರಿಕೆಯಲ್ಲೂ ಒಮ್ಮೆ ಅಚ್ಚಾಗಿತ್ತು. ತಪ್ಪು ನಮ್ಮದೇ.) ಹೆಚ್ಚಿನವು ದೊಡ್ಡ ಕರುಳಿನಲ್ಲಿವೆ. ನಮ್ಮಿಂದ ಅರಗದ ನಾರನ್ನು ಅವು ಒಡೆಯುತ್ತವೆ, ರಕ್ತ ಹೆಪ್ಪುಗಟ್ಟಲು ಬೇಕಾದ ಕೆ ವಿಟಮಿನ್ ತಯಾರಿಸುತ್ತವೆ. ಹುಟ್ಟಿದ ಕೂಸಿಗೆ ಆಸ್ಪತ್ರೆಯಲ್ಲಿ ಕೆ ವಿಟಮಿನ್ ಇಂಜೆಕ್ಷನ್ ಕೊಡುವುದಕ್ಕೆ ಒಂದು ಕಾರಣ, ಅದರ ಕರುಳಿನಲ್ಲಿ ಈ ಬಾಡಿಗೆದಾರರು ಇನ್ನೂ ಬಂದು ನೆಲೆಸಿರುವುದಿಲ್ಲ.

ಹಾಗಾದರೆ ಅತ್ತೆಯವರೇ ಗೆದ್ದರೇ? ಸ್ವಲ್ಪ ತಾಳಿ. ಇ-ಕೋಲೈ ಎಂಬ ಬ್ಯಾಕ್ಟೀರಿಯಾದ ಹೆಸರು ಕೇಳಿರಬಹುದು. ಅದರ ಹೆಚ್ಚಿನ ತಳಿಗಳು ದೊಡ್ಡ ಕರುಳಿನಲ್ಲಿ ಇದ್ದಷ್ಟು ಕಾಲ ಯಾರ ತಂಟೆಗೂ ಹೋಗುವುದಿಲ್ಲ. ಅದೇ ಕರುಳಿನದು ಮೂತ್ರದ ದಾರಿಗೆ ಸೇರಿಕೊಂಡರೆ ಉರಿಮೂತ್ರ, ಜ್ವರ. ಕುಡಿಯುವ ನೀರಿನಲ್ಲಿ ಕಂಡಿತೋ, ಎಲ್ಲಿಂದಲೋ ಮಲ ಆ ನೀರಿಗೆ ಸೇರಿದೆ ಎಂದೇ ಅರ್ಥ. ಅದಕ್ಕೇ ನೀರಿನ ಪರೀಕ್ಷೆಯಲ್ಲಿ 100 ಮಿಲಿಲೀಟರಿಗೆ ಒಂದೂ ಇರಬಾರದು ಎಂಬ ನಿಯಮ. ಜೀವಿ ಅದೇ, ಜಾಗ ಬೇರೆ. ಕಾಲರಾ, ಟೈಫಾಯಿಡ್ ತರುವಂಥವಕ್ಕೆ ಮಾತ್ರ ನಮ್ಮ ಹೊಟ್ಟೆಯಲ್ಲಿ ಒಳ್ಳೆಯ ಜಾಗವೆಂಬುದೇ ಇಲ್ಲ. ಟೈಫಾಯಿಡಿನದಂತೂ ಮನುಷ್ಯರಲ್ಲಷ್ಟೇ ಬದುಕುತ್ತದೆ. ನಮಗೆ ಬಂತೆಂದರೆ ಯಾರದೋ ಮಲ, ಮೂತ್ರ ನಮ್ಮ ಬಾಯಿಗೆ ದಾರಿ ಮಾಡಿಕೊಂಡಿದೆ. ಅಸಹ್ಯವಾದರೂ ಹೇಳಲೇಬೇಕು.

ಮಜ್ಜಿಗೆಯ ಮಾತು ಇಲ್ಲಿಗೆ ಬಂದು ಮುಟ್ಟುತ್ತದೆ. ಒಂದು ಲೋಟ ಮಜ್ಜಿಗೆಯಲ್ಲಿ ಮೊಸರೆಷ್ಟು, ನೀರೆಷ್ಟು? ಮುಕ್ಕಾಲು ನೀರೇ. ಆ ನೀರು ಎಲ್ಲಿಯದು? ನಿಮ್ಮ ಭಾಗದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ಕೆರೆ ತುಂಬಿಸಿಕೊಂಡು, ಕಾಲುವೆ ನಿಂತ ಮೇಲೆ ಅದನ್ನೇ ತಿಂಗಳುಗಟ್ಟಲೆ ಕುಡಿಯುವ ಊರುಗಳು ಎಷ್ಟಿಲ್ಲ! 2022ರ ಮೇ–ಜೂನ್‌ನಲ್ಲಿ ರಾಯಚೂರು ನಗರದಲ್ಲೇ ನಲ್ಲಿ ನೀರು ಕುಡಿದು ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು, ಕೆಲವರು ಜೀವವನ್ನೇ ಕಳೆದುಕೊಂಡರು. ಇನ್ನು ನಿಮ್ಮ ಅಡುಗೆಮನೆಯ ಕೊಡವನ್ನೇ ನೋಡಿ. ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು ಸುರಿದಿರುತ್ತೀರಿ. ಹೊರಗಿನಿಂದ ಬಂದ ಹುಡುಗ ತಂಬಿಗೆಯನ್ನು ಕೊಡದೊಳಗೆ ಮುಳುಗಿಸುತ್ತಾನೆ, ತಂಬಿಗೆಯ ಜೊತೆ ನಾಲ್ಕು ಬೆರಳೂ ಮುಳುಗುತ್ತವೆ. ಉಗುರಿನ ಸಂದಿಯ ಮಣ್ಣೂ ಅಲ್ಲಿಯೇ. ನಿಮ್ಮ ಯಜಮಾನರು ತಮಗೇ ತಿಳಿಯದೆ ಒಂದು ಸರಿಯಾದ ಅನುಮಾನ ಪಟ್ಟಿದ್ದಾರೆ, ಮೊಸರಿನ ಮೇಲೆ ಪಡುವ ಬದಲು ನೀರಿನ ಮೇಲೆ ಪಡಬೇಕಿತ್ತು.

ಈಗ ನೀವು ಕಳಿಸಿದ ತುಂಡು. ನನ್ನ ಮೇಜಿನ ಮೇಲೇ ಇದೆ. ಹತ್ತು ಗುಳಿಗೆಯ ಪಟ್ಟಿಯಿಂದ ಕತ್ತರಿಯಲ್ಲಿ ಮೂರನ್ನಷ್ಟೇ ಕತ್ತರಿಸಿಕೊಟ್ಟಿದ್ದಾರೆ. ಹೆಸರು ಅರ್ಧ ಹಾರಿಹೋಗಿದೆ, ಎಕ್ಸ್‌ಪೈರಿ ತಾರೀಖು ಪೂರ್ತಿ ಹಾರಿಹೋಗಿದೆ. ಉಳಿದಿರುವುದು ಅಂಚಿನ ಕೆಂಪು ಗೆರೆ. ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಔಷಧಿಗೆ ಆ ಗೆರೆ ಎಳೆದಿರುತ್ತಾರೆ, ಬ್ಯಾಕ್ಟೀರಿಯಾ ಕೊಲ್ಲುವ ಮದ್ದಾದ ಆಂಟಿಬಯಾಟಿಕ್ ವಿಷಯದಲ್ಲಿ ಅದನ್ನು ನೋಡಿಕೊಳ್ಳಿ ಎಂದು ಸರ್ಕಾರ 2016ರಲ್ಲಿ ಪ್ರಚಾರವನ್ನೂ ಮಾಡಿತು. ಅರ್ಧ ಹೆಸರಿನಿಂದಲೇ ಇದು ಆಂಟಿಬಯಾಟಿಕ್ ಎಂದು ಗೊತ್ತಾಗುತ್ತದೆ. ಮಕ್ಕಳ ಭೇದಿ ಹೆಚ್ಚಾಗಿ ವೈರಸ್ಸಿನಿಂದ ಬರುವುದು, ವೈರಸ್ಸಿನ ಕೂದಲೂ ಇದರಿಂದ ಕೊಂಕದು. ಜಾಗ ನೋಡಿ ಕೊಲ್ಲುವ ಬುದ್ಧಿಯೂ ಈ ಗುಳಿಗೆಗೆ ಇಲ್ಲ. ಕರುಳಿನಲ್ಲಿ ನೆಮ್ಮದಿಯಾಗಿದ್ದವೂ ಸಾಯುತ್ತವೆ, ಅದರಿಂದಲೇ ಭೇದಿ ಹೆಚ್ಚುವುದೂ ಉಂಟು. ನಿಮ್ಮ ಮಗನಿಗೆ ಆದದ್ದು ಅದೇ ಎನ್ನಲು ನಾನು ಡಾಕ್ಟರಲ್ಲ. ಆದರೆ ಮೂರೇ ಗುಳಿಗೆಯ ಈ ಲೆಕ್ಕ ಅಪಾಯದ್ದು. ಪೆನಿಸಿಲಿನ್ ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದರು: ಸಾಯದಷ್ಟು ಕೊಟ್ಟರೆ ಬ್ಯಾಕ್ಟೀರಿಯಾ ಮದ್ದನ್ನು ತಡೆದುಕೊಳ್ಳಲು ಕಲಿತುಬಿಡುತ್ತದೆ.

ಇದರಲ್ಲಿ ನಾನೂ ಪೆಟ್ಟು ತಿಂದವನೇ. ಕೆಲವು ವರ್ಷದ ಹಿಂದೆ ಜ್ವರ ಬಂದ ಎರಡನೇ ದಿನಕ್ಕೇ ಒಂದು ಲ್ಯಾಬಿನಲ್ಲಿ ವಿಡಾಲ್ ಪರೀಕ್ಷೆ ಮಾಡಿ "ಟೈಫಾಯಿಡ್ ಪಾಸಿಟಿವ್" ಎಂದು ಚೀಟಿ ಕೊಟ್ಟರು. ಐದು ದಿನ ಗುಳಿಗೆ, ಸಲೈನ್ ಎಲ್ಲ ಆಯಿತು. ಕೊನೆಗೆ ನೋಡಿದರೆ ಡೆಂಗಿ, ಅಂದರೆ ವೈರಸ್. ವಿಡಾಲ್ 1896ರ ಪರೀಕ್ಷೆ. ಅದು ಹುಡುಕುವುದು ಬ್ಯಾಕ್ಟೀರಿಯಾವನ್ನಲ್ಲ, ಅದರ ವಿರುದ್ಧ ರಕ್ತ ತಯಾರಿಸಿದ ಪ್ರತಿಕಾಯವನ್ನು. ಅದು ಏರುವುದಕ್ಕೆ ವಾರವಾದರೂ ಬೇಕು. ಎಂದೋ ಬಂದು ಹೋದ ಜ್ವರದ್ದೂ ರಕ್ತದಲ್ಲಿ ಉಳಿದಿರಬಹುದು. ಮೊದಲ ವಾರದಲ್ಲಿ ನಂಬಬೇಕಾದದ್ದು ರಕ್ತದ ಕಲ್ಚರ್, ಅಂದರೆ ರಕ್ತದೊಳಗಿನ ಬ್ಯಾಕ್ಟೀರಿಯಾವನ್ನೇ ಬೆಳೆಸಿ ನೋಡುವ ಪರೀಕ್ಷೆ. ತಡವಾಗುತ್ತದೆ, ದುಡ್ಡೂ ಹೆಚ್ಚು, ಆದರೂ ಡಾಕ್ಟರನ್ನು ಕೇಳಿ.

ಭೇದಿಗೆ ಮೊದಲ ಮದ್ದು ಓಆರ್‌ಎಸ್. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಮುಗಿದಾಗ, ಡಾ. ದಿಲೀಪ್ ಮಹಲನೋಬಿಸ್ ಡ್ರಮ್ಮಿನಲ್ಲಿ ಉಪ್ಪು, ಗ್ಲೂಕೋಸ್ ಕರಗಿಸಿದ ನೀರು ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ಪ್ಯಾಕೆಟ್ ಇಲ್ಲದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಸಮಮಟ್ಟ ಇರಲಿ, ರಾಶಿ ಬೇಡ. ರಕ್ತ ಬಿದ್ದರೆ, ಕಣ್ಣು ಗುಳಿ ಬಿದ್ದರೆ, ಮೂತ್ರ ನಿಂತರೆ ಮನೆಮದ್ದಿನ ಮಾತೇ ಬೇಡ, ಸೀದಾ ಆಸ್ಪತ್ರೆಗೆ ಹೋಗಿ. ಅತ್ತೆಯವರ ಮಜ್ಜಿಗೆಯನ್ನೂ ಕುಡಿಸಿ. ಕಾಯಿಸಿ ಆರಿಸಿದ ನೀರಿನಲ್ಲೇ ಕಡೆಯಲಿ, ಚಿಟಿಕೆ ಉಪ್ಪು ಹಾಕಲಿ. ಅದು ಊಟ, ಔಷಧಿಯಲ್ಲ.

ಒಂದು ಕೆಲಸ ಯಜಮಾನರಿಗೆ ಹಚ್ಚಿ. ಗ್ರಾಮ ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಇದ್ದರೆ ಅದರಲ್ಲಿ ಎಚ್‌-ಟು-ಎಸ್ ಎಂಬ ಸಣ್ಣ ಬಾಟಲಿಗಳಿರುತ್ತವೆ. ಎರಡು ಕೇಳಿ ತರಲಿ. ಒಂದಕ್ಕೆ ನಲ್ಲಿಯಿಂದ ಅಥವಾ ಕ್ಯಾನಿನಿಂದ ನೇರ ಹಿಡಿಯಿರಿ, ಇನ್ನೊಂದಕ್ಕೆ ಕೊಡದಿಂದ. ಗೆರೆಯವರೆಗೆ ತುಂಬಿ ಒಂದೆರಡು ದಿನ ಬಿಡಿ. ಮಲದ ಬ್ಯಾಕ್ಟೀರಿಯಾ ಇದ್ದರೆ ನೀರು ಕಪ್ಪಾಗುತ್ತದೆ. ಎರಡೂ ಕಪ್ಪಾದರೆ ಬಾಟಲಿ ಸಮೇತ ಪಂಚಾಯಿತಿಗೆ ಹೋಗಿ. ಕೊಡದ್ದಷ್ಟೇ ಕಪ್ಪಾದರೆ ತಂಬಿಗೆ ಬದಲು ಉದ್ದ ಹಿಡಿಕೆಯ ಸೌಟು ತನ್ನಿ. ಯಾವುದು ಕಪ್ಪಾಯಿತೆಂದು ನನಗೂ ಒಂದು ಕಾರ್ಡು ಬರೆಯಿರಿ.

— ಸಂಪಾದಕ