ಕಣ್ಣು ಕಾಣದ ಹುಡುಗಿಗೆ ಓಟ ಕಲಿಸಬಹುದಾ?

ಬೇಲೂರು ಕಡೆ ಇರೋ ನಿಮ್ಮ ಅಕ್ಕನ ಮಗಳಿಗೆ ಎರಡೂ ಕಣ್ಣು ಕಾಣಲ್ಲ, ಆಟದ ಪೀರಿಯಡ್ಡಲ್ಲಿ ಸುಮ್ಮನೆ ಕೂರಿಸ್ತಾರೆ, ಓಡಿಸಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಓಡಿಸಬಹುದು. ಪಕ್ಕದ ಚಿಕ್ಕಮಗಳೂರು ಜಿಲ್ಲೆಯ, ಕಣ್ಣು ಕಾಣದ ರಕ್ಷಿತಾ ರಾಜು ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ 1500 ಮೀಟರ್ ಚಿನ್ನ ಗೆದ್ದು 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲೂ ಓಡಿದವರು. ನಿಮ್ಮ ಹಾಸನದ ಎಚ್.ಎನ್. ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಎತ್ತರ ಹಾರಿ ಬೆಳ್ಳಿ ತಂದಾಗ ಇಡೀ ದೇಶಕ್ಕೆ ಸಿಕ್ಕಿದ್ದು ಅದೊಂದೇ ಪದಕ. ಪ್ಯಾರಿಸ್‌ನಲ್ಲಿ 29. ಮೇಲ್ಮಟ್ಟದಲ್ಲಿ ಕಾಲ ಬದಲಾಗಿದೆ. ಊರಿನ ಶಾಲೆಗಳಲ್ಲಿ ಬದಲಾಗಿರೋದು ಹೆಚ್ಚಾಗಿ ಹೆಸರು: ಅಂಗವಿಕಲ ಹೋಗಿ ವಿಕಲಚೇತನ, ಆಮೇಲೆ ವಿಶೇಷಚೇತನ. ಕೂರಿಸೋ ಕಟ್ಟೆ ಅದೇ.

ಯುಡಿಐಡಿ ಕಾರ್ಡ್ (ವಿಶೇಷಚೇತನರ ಸರ್ಕಾರಿ ಗುರುತಿನ ಚೀಟಿ) ಇಲ್ಲದಿದ್ದರೆ ಪಂಚಾಯ್ತಿಯ ವಿಆರ್‌ಡಬ್ಲ್ಯೂ, ಅಂದ್ರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿದು ಮೊದಲು ಮಾಡಿಸಿ. ಆದರೆ ಕಾರ್ಡಿನಲ್ಲಿರೋ ಊನದ ಶೇಕಡಾ ಲೆಕ್ಕವೇ ಬೇರೆ, ಕ್ರೀಡೆಯ ವರ್ಗವೇ ಬೇರೆ. ಕ್ರೀಡೆಯಲ್ಲಿ ಕಣ್ಣನ್ನು ಮತ್ತೆ ಪರೀಕ್ಷೆ ಮಾಡಿ ಟಿ11, ಟಿ12, ಟಿ13 ಅಂತ ವಿಂಗಡಿಸ್ತಾರೆ. ಬಹುತೇಕ ಏನೂ ಕಾಣದವರು ಟಿ11. ಅದರಲ್ಲಿ ಎಲ್ಲರೂ ಕಣ್ಣಿಗೆ ಪಟ್ಟಿ ಕಟ್ಟಲೇಬೇಕು, ಅಭ್ಯಾಸದಲ್ಲೂ ಕಟ್ಟಿಸಿ.

ನಿಜವಾದ ಕೆಲಸ ಇರೋದು ಗೈಡ್ ರನ್ನರ್, ಅಂದ್ರೆ ಪಕ್ಕದಲ್ಲೇ ಓಡಿ ದಾರಿ ತೋರಿಸೋ ಜೊತೆಗಾರರ ಹತ್ತಿರ. ಶುರುವಿಗೆ ಒಂದು ಶೂ ಲೇಸ್ ಸಾಕು. ಎರಡೂ ತುದಿಗೆ ಕುಣಿಕೆ ಮಾಡಿ, ಒಂದು ಅವಳ ಬೆರಳಿಗೆ, ಇನ್ನೊಂದು ಜೊತೆಗಾರರ ಬೆರಳಿಗೆ. ರಬ್ಬರಿನಂತೆ ಎಳೆಯೋ ದಾರ ಬೇಡ. ಪಕ್ಕಪಕ್ಕದ ಕೈಗಳು ಒಟ್ಟಿಗೆ ಬೀಸಬೇಕು, ಅಂದ್ರೆ ಅವಳ ಎಡಗಾಲು ಮುಂದೆ ಬಂದಾಗ ಜೊತೆಗಾರರ ಬಲಗಾಲು, ಕನ್ನಡಿಯಲ್ಲಿ ಕಂಡಹಾಗೆ. ಈ ತಾಳ ತಪ್ಪಿತೋ, ಪ್ರತಿ ಹೆಜ್ಜೆಗೂ ಭುಜ ಜಗ್ಗುತ್ತೆ. ಅದಕ್ಕೇ ಮೊದಲ ವಾರ ಬರೀ ನಡಿಗೆ, ಆಮೇಲೆ ನಿಧಾನ ಓಟ. ಮಳೆಗಾಲದಲ್ಲಿ ಕೆಂಪು ಮಣ್ಣಿನ ಮೈದಾನ ಜಾರುತ್ತೆ, ಆಗ ತಿರುವಿನಲ್ಲಿ ವೇಗ ಬೇಡ.

ಜೊತೆಗಾರ ಅವಳಿಗಿಂತ ಚೆನ್ನಾಗೇ ಜೋರಾಗಿ ಓಡೋರಾಗಿರಬೇಕು. ಏದುಸಿರು ಬಂದರೆ ಮಾತು ನಿಲ್ಲುತ್ತೆ, ಮಾತು ನಿಂತರೆ ಅವಳಿಗೆ ತಿರುವು ಎಲ್ಲಿ ಅಂತ ಗೊತ್ತಾಗಲ್ಲ. ಅಪ್ಪ-ಅಮ್ಮ ಬೇಡ ಅಂತೀನಿ, ಬೀಳ್ತಾಳೇನೋ ಅಂತ ಎಳೆದು ಹಿಡೀತಾರೆ. ಸ್ಪರ್ಧೆಯಲ್ಲಿ ಹಾಗೆ ಎಳೆಯೋದೂ ತಪ್ಪು, ತಳ್ಳೋದೂ ತಪ್ಪು.

ಹೊಸ ಜೋಡಿಗಳು ಎಡವೋದು ಕೊನೆಯ ಗೆರೆಯಲ್ಲಿ. ಜೊತೆಗಾರ ಒಂದು ಹೆಜ್ಜೆ ಮೊದಲು ದಾಟಿದರೆ ಇಬ್ಬರೂ ಔಟ್. ದಾರ ಬಿಟ್ಟರೂ ಅಷ್ಟೇ. ಪ್ಯಾರಿಸ್ ಮ್ಯಾರಥಾನಿನಲ್ಲಿ ಮೂರನೆಯವರಾಗಿದ್ದ ಸ್ಪೇನಿನ ಎಲೆನಾ ಕೊಂಗೋಸ್ತ್, ಕುಸಿಯುತ್ತಿದ್ದ ಗೈಡನ್ನು ಹಿಡಿಯಲು ಗೆರೆಯ ಹತ್ತಿರ ಕ್ಷಣಮಾತ್ರ ದಾರ ಬಿಟ್ಟು ಅನರ್ಹರಾದರು. ಗೆರೆ ದಾಟಿ ಹತ್ತು ಹೆಜ್ಜೆ ಹೋದಮೇಲೇ ದಾರ ಬಿಡೋದನ್ನ ಈಗಿನಿಂದಲೇ ರೂಢಿ ಮಾಡಿಸಿ.