ಮೊದಲ ಮುದ್ದೆ ಯಾರ ತಟ್ಟೆಗೆ?

ನಿಮ್ಮ ಪ್ರಶ್ನೆ ಇದು: ಗಂಡನ ಕೆಲಸ ಹೋಗಿದೆ, ಬೆಂಗಳೂರಿನಲ್ಲಿ ಬಾಡಿಗೆ ಮನೆ, ಇಬ್ಬರು ಮಕ್ಕಳು, ಜೊತೆಗೆ ಅತ್ತೆ. ಅಡುಗೆ ಖರ್ಚು ಎಷ್ಟು ಹಿಡಿತ ಮಾಡಿದರೂ ತಿಂಗಳ ಕೊನೆಗೆ ಸಾಲುತ್ತಿಲ್ಲ, ಇಂಥ ಕಾಲವನ್ನು ನೀವೆಲ್ಲ ಹೇಗೆ ದಾಟಿದಿರಿ? ಅದರ ನಡುವೆ ಒಂದು ಮಾತು ಸೇರಿಸಿದ್ದೀರಿ: 'ನಾನಂತೂ ರಾತ್ರಿ ಊಟ ಬಿಟ್ಟಿದ್ದೀನಿ, ನಂಗೇನೂ ಅಷ್ಟು ಹಸಿವಾಗಲ್ಲ.'

ನನ್ನ ಉತ್ತರ ಆ ಕೊನೆಯ ಮಾತಿಗೇ. ಬಾಡಿಗೆ, ಇಎಂಐ, ಸ್ಕೂಲ್ ಫೀಸು ಆಮೇಲೆ ನೋಡೋಣ. ಮೊದಲು ರಾತ್ರಿ ಊಟ ಮಾಡಿ.

ನಮ್ಮದು ಮಂಡ್ಯ ಜಿಲ್ಲೆ, ಮದ್ದೂರು ಕಡೆಯ ಹಳ್ಳಿ. ನಾಲೆ ನೀರು ನಂಬಿಕೊಂಡು ಕಬ್ಬು ಹಾಕುವ ಮನೆ. ಪೇಪರ್ ಕೈಗೆ ಬಂದ ಕೂಡಲೇ ಅಪ್ಪ ಹುಡುಕುತ್ತಿದ್ದದ್ದು ಕೆ.ಆರ್.ಎಸ್. ನೀರಿನ ಮಟ್ಟ. ಕಟ್ಟೆ ತುಂಬಿದರೆ 124.80 ಅಡಿ. ಈ ನಂಬರು ನಮ್ಮ ಕಡೆ ಮಕ್ಕಳಿಗೂ ಬಾಯಿಪಾಠ. 2002, 2003ರಲ್ಲಿ ಮಳೆ ಕೈಕೊಟ್ಟಿತು. ಕಟ್ಟೆ ತುಂಬಲಿಲ್ಲ, ನಾಲೆಗೆ ನೀರು ಸರಿಯಾಗಿ ಬರಲಿಲ್ಲ, ಕಾವೇರಿ ಗಲಾಟೆ ಬೇರೆ. ನಿಂತಿದ್ದ ಕಬ್ಬು ಗದ್ದೆಯಲ್ಲೇ ಒಣಗಿತು. ಅದಕ್ಕೂ ಹಿಂದೆ ಕಡಿದು ಕಳಿಸಿದ್ದ ಕಬ್ಬಿನ ದುಡ್ಡು ಕಾರ್ಖಾನೆಯಿಂದ ಬಂದೇ ಇರಲಿಲ್ಲ. ಅಪ್ಪ ಹೋಗೋರು, 'ಮುಂದಿನ ವಾರ ಬನ್ನಿ' ಅನ್ನಿಸಿಕೊಂಡು ವಾಪಸ್ ಬರೋರು.

ಮನೆಯಲ್ಲಿ ಐದು ಜನ: ಅಪ್ಪ, ಅಮ್ಮ, ಅಜ್ಜಿ ಅಂದರೆ ಅಪ್ಪನ ತಾಯಿ, ನಾನು, ತಮ್ಮ. ಕೈಗೆ ಬರುತ್ತಿದ್ದ ಕಾಸು ಅಂದರೆ ಒಂದು ಸೀಮೆ ಹಸುವಿನ ಹಾಲು. ಕಾಫಿಗೆ ಒಂದು ಲೋಟ ಎತ್ತಿಟ್ಟು ಉಳಿದದ್ದೆಲ್ಲ ಡೇರಿಗೆ. ಬಟವಾಡೆ ದಿನ ಅಮ್ಮ ಅಂಗಡಿ ಲೆಕ್ಕ ತೀರಿಸಿ, ಉಪ್ಪು, ಎಣ್ಣೆ, ಸೋಪು ತರುತ್ತಿದ್ದಳು. ಪುಣ್ಯಕ್ಕೆ ಹೊಲದ ರಾಗಿ ಇತ್ತು. ರಾಗಿಗೆ ಅಕ್ಕಿ, ಜೋಳದ ಹಾಗೆ ಬೇಗ ಹುಳ ಬೀಳಲ್ಲ, ವರ್ಷಗಟ್ಟಲೆ ಇಡಬಹುದು. ಹಿಂದಿನವರು ಹಗೇವು ತೋಡಿ ನೆಲದೊಳಗೆ ತುಂಬಿಡುತ್ತಿದ್ದದ್ದು ಇಂಥ ಬರಗಾಲಕ್ಕೇ. ನಮ್ಮದು ಇಂಡಾಫ್ ರಾಗಿ. ಮಂಡ್ಯದ ವಿ.ಸಿ. ಫಾರಂ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿ ಲಕ್ಷ್ಮಣಯ್ಯ ಅನ್ನುವ ವಿಜ್ಞಾನಿ ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಮಾಡಿದ ತಳಿ ಅದು. ಅವರ ಹೆಸರು ನಮ್ಮೂರಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ, ಅದು ಬೇರೆ ಮಾತು.

ಅಮ್ಮನೂ ನಿಮ್ಮ ದಾರಿಯನ್ನೇ ಹಿಡಿದಿದ್ದಳು. ಎಲ್ಲರಿಗೂ ಬಡಿಸಿ, ಒಳಗೆ ಹೋಗಿ, ಪಾತ್ರೆ ತಳಕ್ಕೆ ಹತ್ತಿದ ಸೀಕು ಕೆರೆದುಕೊಂಡು, ನೀರು ಸಾರು ಹುಯ್ದುಕೊಂಡು 'ನಂದೂ ಊಟ ಆಯ್ತು' ಅಂದುಬಿಡೋಳು. ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗುವ ಹಾಗೆ ನಾವು ಯಾರೂ ಅಡುಗೆ ಮನೆಗೆ ಹೋಗುತ್ತಲೇ ಇರಲಿಲ್ಲ.

ಸಿಕ್ಕಿಬಿದ್ದದ್ದು ಮುದ್ದೆಯಿಂದ. ಅನ್ನ ಆದರೆ ಯಾರು ಎಷ್ಟು ಉಂಡರು ಅಂತ ಹೇಳೋದು ಕಷ್ಟ. ಒಂದು ಸೌಟು ಆಚೆ, ಒಂದು ಸೌಟು ಈಚೆ. ಮುದ್ದೆ ಹಾಗಲ್ಲ, ಲೆಕ್ಕಕ್ಕೆ ಸಿಗುತ್ತೆ. ತಲೆಗೊಂದು. ಅಜ್ಜಿ ಒಂದು ರಾತ್ರಿ ನೀರು ಕುಡಿಯೋಕೆ ಒಳಗೆ ಹೋದವಳು ಮುದ್ದೆ ಕಟ್ಟುವ ಮಣೆ ನೋಡಿದಳು. ನಾಲ್ಕು ಮುದ್ದೆ ಇದ್ದವು. ದೊಡ್ಡದು ಅಪ್ಪಂದು, ಮೂರು ಚಿಕ್ಕವು.

'ನಿಂದೆಲ್ಲವ್ವ?' ಅಂದಳು.

'ನಂಗೆ ಸಾಕು ಅತ್ತೆ, ಸಂಜೆ ಏನೋ ತಿಂದೆ.'

ಅಜ್ಜಿ ಜಗಳ ಮಾಡಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಅಲ್ಲೇ ಕೂತು, ಕೈಗೆ ನೀರು ಮುಟ್ಟಿಸಿಕೊಂಡು, ನಾಲ್ಕನ್ನೂ ಒಟ್ಟು ಮಾಡಿ ಮತ್ತೆ ಐದು ಮುದ್ದೆ ಕಟ್ಟಿದಳು. ಬಿಸಿ ಮುದ್ದೆ, ಕೈ ಸುಟ್ಟಿರಬೇಕು. ಮೊದಲನೆಯದನ್ನು ಅಮ್ಮನ ತಟ್ಟೆಗೆ ಹಾಕಿ, 'ಕುತ್ಕೋ ಮೊದ್ಲು. ನೀನು ಉಂಡಮೇಲೆ ಅವರನ್ನ ಕರಿ' ಅಂದಳು. ಅವತ್ತಿಂದ ಅದೇ ರೂಢಿ ಆಯಿತು. ಪಕ್ಕದ ಮನೆಯವರೊಬ್ಬರು ಗಂಡ ಉಣ್ಣೋಕೆ ಮುಂಚೆ ಸೊಸೆ ಉಣ್ಣೋದಾ ಅಂತ ಕೇಳಿದ್ದಕ್ಕೆ ಅಜ್ಜಿ, 'ಎತ್ತಿಗೆ ಮೇವು ಹಾಕ್ದೆ ನೇಗ್ಲು ಕಟ್ತೀಯಾ?' ಅಂದಿದ್ದಳು. ಅಮ್ಮನನ್ನ ಎತ್ತಿಗೆ ಹೋಲಿಸಿದ್ದು ನನಗೆ ಈಗಲೂ ಅಷ್ಟು ಇಷ್ಟ ಇಲ್ಲ. ಆದರೆ ಕೇಳಿದವರ ಬಾಯಿ ಮುಚ್ಚಿತು. ಅಜ್ಜಿಯೇನೂ ದೇವತೆ ಅಲ್ಲ ಮತ್ತೆ. ಬೆಲ್ಲದ ಡಬ್ಬಿ ತನ್ನ ಮಂಚದ ಕೆಳಗೇ ಇಟ್ಟುಕೊಳ್ಳುತ್ತಿದ್ದಳು, ಅಮ್ಮನಿಗೂ ಕೇಳಿಯೇ ತೆಗೆದುಕೊಳ್ಳಬೇಕಿತ್ತು.

ಇದನ್ನ ಯಾಕೆ ಇಷ್ಟು ಬಿಡಿಸಿ ಹೇಳಿದೆ ಅಂದರೆ, ದುಡ್ಡು ಕಡಿಮೆಯಾದಾಗ ಮನೆಯಲ್ಲಿ ಮೊದಲು ಕಡಿತ ಆಗೋದು ಅಡುಗೆ ಮಾಡುವವಳ ಹೊಟ್ಟೆ. ಅದು ಯಾವ ಲೆಕ್ಕದ ಪುಸ್ತಕದಲ್ಲೂ ಬರಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಜನಕ್ಕೆ ರಕ್ತ ಕಡಿಮೆ ಅಂತ ಬಂದಿದೆ. ಅದೇ ವಯಸ್ಸಿನ ಗಂಡಸರಲ್ಲಿ ಶೇ. 25. ಮುಟ್ಟು, ಬಸುರು, ಬಾಣಂತನ ಇದಕ್ಕೆ ಕಾರಣ ಹೌದು. ಕೊನೆಯಲ್ಲಿ ಉಳಿದದ್ದನ್ನ ಉಣ್ಣುವ ಅಭ್ಯಾಸವೂ ಕಾರಣ. ನಿಮಗೆ 'ಹಸಿವಾಗಲ್ಲ' ಅನ್ನಿಸುತ್ತಿರೋದು ಚಿಂತೆಗೋ, ಸುಸ್ತಿಗೋ ಗೊತ್ತಿಲ್ಲ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ. ನೀವು ಮಲಗಿಬಿಟ್ಟರೆ ರಾತ್ರಿ ಊಟ ಬಿಟ್ಟು ಉಳಿಸಿದ್ದರ ಹತ್ತರಷ್ಟು ಆಸ್ಪತ್ರೆಗೆ ಸುರಿಯಬೇಕಾಗುತ್ತೆ.

ಸರಿ, ಐದು ಹೊಟ್ಟೆ ತುಂಬಿಸೋದು ಹೇಗೆ? ನನ್ನ ಮಟ್ಟಿಗೆ ಇದಕ್ಕೆ ಬಸ್ಸಾರಿನಷ್ಟು ಒಳ್ಳೆ ಉತ್ತರ ಇಲ್ಲ. ಒಂದೇ ಪಾತ್ರೆ ಬೇಯಿಸಿದರೆ ಸಾರು, ಪಲ್ಯ ಎರಡೂ ಆಗುತ್ತೆ. ಹುರುಳಿಕಾಳು ಅಗ್ಗ, ಅದನ್ನೇ ತಗೊಳ್ಳಿ. ರಾತ್ರಿಯೇ ನೆನೆಹಾಕಿ, ಗ್ಯಾಸ್ ಉಳಿಯುತ್ತೆ. ಬೆಳಿಗ್ಗೆ ನೀರು ಜಾಸ್ತಿಯೇ ಇಟ್ಟು, ಕಾಳು ಒಡೆಯುವ ತನಕ ಬೇಯಿಸಿ, ಕೊನೆಗೆ ಒಂದು ಕಟ್ಟು ಸೊಪ್ಪು ಹೆಚ್ಚಿ ಹಾಕಿ. ಉಪ್ಪು ಆಮೇಲೆ. ಬೆಂದದ್ದನ್ನ ಬಸಿದುಕೊಳ್ಳಿ. ಬಸಿದಾಗ ಬರುವ ಕಂದು ಬಣ್ಣದ ನೀರಿಗೆ ಕಟ್ಟು ಅನ್ನೋದು, ಅದನ್ನ ದಯವಿಟ್ಟು ಚೆಲ್ಲಬೇಡಿ, ಸಾರಿನ ಜೀವ ಅದರಲ್ಲೇ ಇರೋದು.

ಮಸಾಲೆಗೆ ಈರುಳ್ಳಿ, ಬೆಳ್ಳುಳ್ಳಿ ಸ್ವಲ್ಪ ಎಣ್ಣೆಯಲ್ಲಿ ಬಾಡಿಸಿ. ಜೀರಿಗೆ, ನಾಲ್ಕು ಕಾಳು ಮೆಣಸು, ಸಾರಿನ ಪುಡಿ, ಹುಣಸೆಹಣ್ಣು. ತೆಂಗಿನಕಾಯಿ ಇದ್ದರೆ ಒಂದು ಹಿಡಿ. ಇಲ್ಲದಿದ್ದರೆ ಬಸಿದ ಕಾಳನ್ನೇ ಒಂದು ಸೌಟು ಜಾಸ್ತಿ ಹಾಕಿ ರುಬ್ಬಿ, ಸಾರು ಗಟ್ಟಿ ಬರುತ್ತೆ. ತೆಂಗಿನಕಾಯಿ ಬೆಲೆ ಏರಿದಾಗ ನಾನು ಈಗಲೂ ಹಾಗೇ ಮಾಡೋದು, ಮನೆಯವರು ಒಬ್ಬರೂ ಪತ್ತೆಹಚ್ಚಿಲ್ಲ. ರುಬ್ಬಿದ್ದನ್ನ ಕಟ್ಟಿಗೆ ಹಾಕಿ ಚೆನ್ನಾಗಿ ಕುದಿಸಿದರೆ ಸಾರಾಯಿತು. ಬಸಿದ ಕಾಳು, ಸೊಪ್ಪಿಗೆ ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟರೆ ಪಲ್ಯ. ಸಾರನ್ನ ಮಾರನೇ ದಿನ ಬಿಸಿ ಮಾಡಿದರೆ ಇನ್ನೂ ರುಚಿ. ಎರಡು ದಿನದ ಯೋಚನೆ ಮುಗೀತು.

ಮಸಾಲೆಗೂ ಕಾಸಿಲ್ಲದ ದಿನ ಅಮ್ಮ ಉಪ್ಸಾರು ಮಾಡುತ್ತಿದ್ದಳು. ಕಟ್ಟಿಗೆ ಬರೀ ಉಪ್ಪು. ಪಕ್ಕಕ್ಕೆ ಖಾರ: ಸುಟ್ಟ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ, ಉಪ್ಪು ಗುಂಡುಕಲ್ಲಲ್ಲಿ ಅರೆದದ್ದು. ಎಣ್ಣೆ ಬೇಡ, ಕಾಯಿ ಬೇಡ. ಯಾರಿಗೆ ಎಷ್ಟು ಬೇಕೋ ಅಷ್ಟು ಖಾರ ಕಲಸಿಕೊಂಡರಾಯಿತು, ಮಕ್ಕಳಿಗೆ ಬೇರೆ ಅಡುಗೆ ಮಾಡುವ ರಗಳೆ ಇಲ್ಲ. ಈಗ ಬೆಂಗಳೂರಿನ ಹೋಟೆಲಲ್ಲಿ ಇದನ್ನೇ 'ಹಳ್ಳಿ ಊಟ' ಅಂತ ಬೋರ್ಡ್ ಹಾಕಿ ಮಾರುತ್ತಾರೆ, ಬೆಲೆ ನೋಡಿದರೆ ಅಮ್ಮ ಸೌಟು ತಗೊಂಡು ಹೋಗುತ್ತಾಳೆ.

ಊರಲ್ಲಿ ಸೊಪ್ಪಿಗೆ ಕಾಸು ಕೊಡುತ್ತಿರಲಿಲ್ಲ. ಅಣ್ಣೆ, ಗಣಿಕೆ, ಹೊನಗೊನ್ನೆ, ಕೀರೆ, ನುಗ್ಗೆ, ಏನು ಸಿಕ್ಕಿತೋ ಅದೇ ಬೆರಕೆ ಸೊಪ್ಪು. ಸಿಟಿಯಲ್ಲಿ ಅದಾಗಲ್ಲ, ಗೊತ್ತು. ಸಂಜೆ ಕತ್ತಲಾಗುವ ಹೊತ್ತಿಗೆ ಗಾಡಿಯವರ ಹತ್ತಿರ ಹೋಗಿ, ಮಾರನೇ ದಿನಕ್ಕೆ ಬಾಡುವ ಸೊಪ್ಪನ್ನ ಅರ್ಧ ಬೆಲೆಗೆ ಕೊಡುತ್ತಾರೆ. ನುಗ್ಗೆಸೊಪ್ಪಂತೂ ಯಾರದೋ ಕಾಂಪೌಂಡಿನಲ್ಲಿ ಇದ್ದೇ ಇರುತ್ತೆ, ಕೇಳೋಕೆ ನಾಚಿಕೆ ಬೇಡ. ಊಟದ ಜೊತೆ ಒಂದು ಹೋಳು ನಿಂಬೆಹಣ್ಣು ಹಿಂಡಿಕೊಳ್ಳಿ, ಸೊಪ್ಪು ಕಾಳಿನ ಕಬ್ಬಿಣದಂಶ ಮೈಗೆ ಹತ್ತುತ್ತೆ. ಉಂಡ ತಕ್ಷಣ ಕಾಫಿ, ಟೀ ಬೇಡ, ಅದು ಉಲ್ಟಾ ಕೆಲಸ ಮಾಡುತ್ತೆ.

ಮಕ್ಕಳಿಗೆ ಹೇಳಬೇಕಾ ಬೇಡವಾ ಅಂತಲೂ ಕೇಳಿದ್ದೀರಿ. ಹೇಳಿ. ಪೂರ್ತಿ ಲೆಕ್ಕ ಬೇಡ, 'ಈ ತಿಂಗಳು ಹೊರಗಿನ ತಿಂಡಿ ಇಲ್ಲ, ಅಪ್ಪಂಗೆ ಕೆಲಸ ಸಿಗೋ ತನಕ' ಅಂದರೆ ಸಾಕು. ನಮಗೆ ಯಾರೂ ಹೇಳಿರಲಿಲ್ಲ. ಆದರೂ ಅಪ್ಪ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಲ್ಲೇ ದುಡ್ಡು ಬಂತಾ ಇಲ್ಲವಾ ಅಂತ ನಾನು, ತಮ್ಮ ಊಹೆ ಮಾಡುತ್ತಿದ್ದೆವು. 2003ರಲ್ಲಿ ನಮ್ಮ ಕಡೆ ಶಾಲೆಯಲ್ಲಿ ಬಿಸಿಯೂಟ ಶುರುವಾದಾಗ ತಮ್ಮ ಮಧ್ಯಾಹ್ನ ಅಲ್ಲಿ ಜಾಸ್ತಿ ಹಾಕಿಸಿಕೊಂಡು, ರಾತ್ರಿ 'ನಂಗೆ ಅರ್ಧ ಮುದ್ದೆ ಸಾಕು' ಅಂತ ಅಮ್ಮನಿಗೆ ಹೇಳುತ್ತಿದ್ದ. ಮಕ್ಕಳಿಗೆ ಎಲ್ಲ ಗೊತ್ತಾಗುತ್ತೆ. ಹೇಳದೆ ಬಿಟ್ಟರೆ ಅವರೂ ನಿಮ್ಮ ಹಾಗೆ ಹಸಿವಿಲ್ಲ ಅನ್ನೋಕೆ ಶುರು ಮಾಡುತ್ತಾರೆ.

ಅತ್ತೆಗೂ ಹೇಳಿ. ಅವರಿಗೆ ಬೇಜಾರಾಗುತ್ತೆ ಅಂತ ಬಚ್ಚಿಟ್ಟಿದ್ದೀರಿ, ಆದರೆ ಅವರು ನಿಮಗಿಂತ ಜಾಸ್ತಿ ಬರಗಾಲ ನೋಡಿರುತ್ತಾರೆ. ರೇಷನ್ ಕಾರ್ಡಿನಲ್ಲಿ ಮನೆ ಯಜಮಾನಿ ಯಾರ ಹೆಸರಿದೆ ನೋಡಿಕೊಳ್ಳಿ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಹೋಗೋದು ಆ ಯಜಮಾನಿಯ ಖಾತೆಗೆ. ಅತ್ತೆ ಹೆಸರಿದ್ದು, ಅರ್ಜಿ ಹಾಕದೇ ಬಿಟ್ಟಿದ್ದರೆ ಈಗ ವಿಚಾರಿಸಿ. ಯಜಮಾನಿಯೋ ಅವರ ಗಂಡನೋ ಆದಾಯ ತೆರಿಗೆ ಕಟ್ಟುತ್ತಿದ್ದರೆ ಬರಲ್ಲ, ಅದೊಂದು ಗಮನದಲ್ಲಿರಲಿ. ಕಾರ್ಡಿಗೆ ಸಿಗುವ ಅಕ್ಕಿಯನ್ನ 'ನಾವೇನು ಅಷ್ಟು ಬಡವರಾ' ಅಂತ ಬಿಡಬೇಡಿ. ಅರ್ಹತೆ ಇದ್ದರೆ ತಗೊಳ್ಳಿ. ದಪ್ಪ ಅಕ್ಕಿ ಅಂತ ಅನ್ನಕ್ಕೆ ಒಗ್ಗದಿದ್ದರೆ ದೋಸೆಗೆ, ರೊಟ್ಟಿಗೆ ಚೆನ್ನಾಗಿಯೇ ಬರುತ್ತೆ.

ನಮ್ಮ ಮನೆ ಕಥೆ ಕೇಳಿದರೆ, ಕಬ್ಬಿನ ದುಡ್ಡು ಕಂತಿನಲ್ಲಿ ಬಂತು, ಅರ್ಧ ಸಾಲಕ್ಕೇ ಹೋಯಿತು. ಅಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತಗೊಂಡು ಇನ್ನೊಂದು ಹಸು ಕಟ್ಟಿದಳು. ನಿಧಾನಕ್ಕೆ ಸರಿಹೋಯಿತು, ಪವಾಡ ಏನೂ ಆಗಲಿಲ್ಲ.

ಇನ್ನು ನಿಮ್ಮ ಯಜಮಾನರ ವಿಷಯ. ಇಂಟರ್ವ್ಯೂ ಇಲ್ಲದ ದಿನ ಅವರು ಮೊಬೈಲ್ ಹಿಡಿದು ಒಂದೇ ಕಡೆ ಕೂತುಬಿಡುತ್ತಾರೆ, ಏನು ಹೇಳಿದರೂ ಸಿಡುಕುತ್ತಾರೆ ಅಂತ ಬರೆದಿದ್ದೀರಿ. ಮುದ್ದೆ ತಿರುವೋದು ಅವರಿಗೆ ಕಲಿಸಿ. ತಮಾಷೆ ಅಲ್ಲ, ತೋಳಿನ ಬಲ ಬೇಕಾದ ಕೆಲಸ ಅದು. ನೀರು ಕುದಿಯುವಾಗ ಹಿಟ್ಟು ಸುರಿದು, ಮುಟ್ಟದೆ ಐದಾರು ನಿಮಿಷ ಸಣ್ಣ ಉರಿಯಲ್ಲಿ ಬೇಯಲು ಬಿಟ್ಟು, ಆಮೇಲೆ ಕೋಲು ಹಾಕಿ ಗಂಟಿಲ್ಲದ ಹಾಗೆ ತಿರುವಬೇಕು. ಅವರೇ ಕಟ್ಟಲಿ, ಅವರೇ ಎಣಿಸಲಿ. ಮೊದಮೊದಲು ಗಂಟಾಗುತ್ತೆ, ಒಳಗೆ ಹಸಿ ಹಿಟ್ಟು ಸಿಗುತ್ತೆ. ನನ್ನ ಗಂಡನ ಮುದ್ದೆ ಸರಿಹೋಗೋಕೆ ಸುಮಾರು ದಿನ ಹಿಡಿಯಿತು, ಅಲ್ಲಿಯವರೆಗೆ ನಾವೆಲ್ಲ ಗಂಟು ಪಕ್ಕಕ್ಕಿಟ್ಟು ತಿಂದೆವು.